ಪದ ಬೇಕು: ‘ನ್ಯೂರೋಪಥಿಕ್’ ನೋವಿಗೆ ಕನ್ನಡದಲ್ಲಿ ಏನನ್ನುತ್ತೀರಿ? (ನಾಳೆ ಸಂಜೆಯೊಳಗೆ)

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಫಿಜಿಯೋಥೆರಪಿ ಮಾಡುವವಳು. ಕ್ಲಿನಿಕ್ಕಿನ ಗೋಡೆಗೆ ಒಂದು ಬೋರ್ಡು ಮಾಡಿಸುತ್ತಿದ್ದೇನೆ. ಬಂದವರು ಅದರ ಮೇಲೆ ಬೆರಳಿಟ್ಟು ‘ನಂದು ಈ ಥರದ ನೋವು’ ಅಂದರೆ ಸಾಕು. ನಾಳೆ ಸಂಜೆ ಪ್ರೆಸ್‌ಗೆ ಕೊಡಬೇಕು.

ನಮ್ಮ ಪುಸ್ತಕದಲ್ಲಿ ನೋವಿಗೆ ಮೂರು ಜಾತಿ. ಮೊದಲನೆಯದು ನೊಸಿಸೆಪ್ಟಿವ್. ಸ್ನಾಯು, ಕೀಲು, ಮೂಳೆಗೆ ಪೆಟ್ಟಾಗಿಯೋ ಊದಿಕೊಂಡೋ ಬರುವಂಥದ್ದು. ಎರಡನೆಯದು ನ್ಯೂರೋಪಥಿಕ್, ನರವೇ ಕೆಟ್ಟು ಬರುವುದು. ಮೂರನೆಯದು ನೊಸಿಪ್ಲಾಸ್ಟಿಕ್. ಹುಡುಕಿದರೆ ಗಾಯವೂ ಕಾಣುವುದಿಲ್ಲ, ನರಕ್ಕೆ ಪೆಟ್ಟಾದ ಗುರುತೂ ಇಲ್ಲ, ಆದರೆ ನೋವು ನಿಜ. ಸರ್ಕಾರಿ ಪುಸ್ತಕದ ಭಾಷೆಯಲ್ಲಿ ‘ನರಜನ್ಯ ವೇದನೆ’ ಅಂತ ಬರೆದು ನೋಡಿದೆ. ಓದಿದ ಅಜ್ಜಿಯೊಬ್ಬರು ‘ಯಾರು ಹೆತ್ತಿದ್ದು?’ ಅಂದರು.

ಪದ ಯಾಕೆ ಮುಖ್ಯ ಅಂದರೆ, ಕಳೆದ ಅಡಿಕೆ ಕೊಯ್ಲಿನಲ್ಲಿ ಒಬ್ಬರು ಬಂದಿದ್ದರು. ದಿನಾ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು. ‘ಭುಜ ನೋವು’ ಅಂದರು. ಎರಡು ವಾರ ಭುಜಕ್ಕೇ ವ್ಯಾಯಾಮ ಹೇಳಿಕೊಟ್ಟೆ. ಆಮೇಲೊಂದು ದಿನ ಮಾತಿನ ಮಧ್ಯೆ ‘ಚಳಕು ಹೊಡಿತು, ಕಿರುಬೆರಳು ಜೋಮು ಹಿಡಿತು’ ಅಂದರು. ಅಲ್ಲಿಗೆ ಗೊತ್ತಾಯಿತು, ಇದು ನರದ ನೋವು ಅಂತ. ಕಿರುಬೆರಳು ಜೋಮು ಹಿಡಿದರೆ ಮೊದಲು ನೋಡಬೇಕಾದ್ದು ಕುತ್ತಿಗೆ, ಮೊಣಕೈ. ತಪ್ಪು ನನ್ನದೇ. ನಾನು ‘ಎಲ್ಲಿ’ ಅಂತ ಕೇಳಿದ್ದೆ, ‘ಹೇಗೆ’ ಅಂತ ಕೇಳಿರಲಿಲ್ಲ.

ಕುಮಟಾದಿಂದ:

ತಂಗಿ, ಸಂಸ್ಕೃತದ ಗೊಡವೆ ಬೇಡ. ‘ಬೇನೆ’ ಅಚ್ಚಗನ್ನಡ ಪದ. ನರಬೇನೆ ಅನ್ನಿ, ಮುಗಿಯಿತು. ಮೊದಲನೆಯದಕ್ಕೆ ಪೆಟ್ಟುಬೇನೆ. ಫಿಜಿಯೋಥೆರಪಿಗೂ ‘ಮೈಮದ್ದು’ ಅಂತ ಬರೆಸಿ. ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಹೊನ್ನಾವರದಿಂದ:

ಮಾಸ್ತರರೇ, ಬೇನೆ ಅಚ್ಚಗನ್ನಡ ಅಲ್ಲ. ವೇದನೆಯ ತದ್ಭವ. ವನ ಬನ, ವರ್ಣ ಬಣ್ಣ, ವೇದನೆ ಬೇನೆ. ನಿಮ್ಮ ಕ್ಲಾಸಿನಲ್ಲೇ ಕಲಿತದ್ದು.

ಅಚ್ಚಗನ್ನಡ ಬೇಕಿದ್ದರೆ ‘ನೋವು’ ಇದೆಯಲ್ಲ. ನೋ, ನೋಯು, ನೊಂದ. ತಮಿಳಿನಲ್ಲಿ ನೋಯ್ ಅಂದರೆ ಕಾಯಿಲೆ, ತೆಲುಗಿನಲ್ಲಿ ನೊಪ್ಪಿ. ‘ನರ’ವೂ ನಮ್ಮದೇ, ತಮಿಳಿನ ನರಂಬು ನೋಡಿ. ಅದಕ್ಕೂ ಸಂಸ್ಕೃತದ ನರನಿಗೂ ಸಂಬಂಧವಿಲ್ಲ. ‘ನರನೋವು’ ಅನ್ನಿ.

ಮೈಮದ್ದು ಅಂತ ಬರೆಸಿದರೆ ಜನ ಬಂದು ಎಣ್ಣೆ ಬಾಟ್ಲಿ ಕೇಳುತ್ತಾರೆ.

ಕುಮಟಾದಿಂದ:

ತದ್ಭವವಾಗಿ ಸಾವಿರ ವರ್ಷ ನಮ್ಮ ಮನೆಯಲ್ಲಿದ್ದ ಪದಕ್ಕೆ ಈಗ ಪಡಿತರ ಚೀಟಿ ಕೇಳುತ್ತೀರಾ?

ಹೊನ್ನಾವರದಿಂದ:

ಅಚ್ಚಗನ್ನಡ ಅಂತ ಚೀಟಿ ತೋರಿಸಿದವರು ನೀವು.

ಕಾರವಾರದಿಂದ:

ನಿಮ್ಮಿಬ್ಬರ ಜಗಳದಲ್ಲಿ ಬೋರ್ಡು ಬರೆಯುವುದು ಯಾವಾಗ? ನಮ್ಮ ಕಡೆ ರಂಪಣಿ ಬಲೆ ಎಳೆದು ಬಂದವರು ನರನೋವು ಅನ್ನುವುದಿಲ್ಲ, ಪೆಟ್ಟುಬೇನೆ ಅಂತೂ ಅನ್ನುವುದೇ ಇಲ್ಲ. ‘ಫಾಟ್ ದುಕ್ತಾ’ ಅನ್ನುತ್ತಾರೆ, ಬೆನ್ನು ನೋಯುತ್ತದೆ ಅಂತ. ದುಕ್ತಾ ಬಂದದ್ದು ದುಃಖದಿಂದ. ಕನ್ನಡದಲ್ಲಿ ದುಃಖ ಮನಸ್ಸಿಗೆ, ಕೊಂಕಣಿಯಲ್ಲಿ ಬೆನ್ನಿಗೂ ಆಗುತ್ತದೆ! ಕರಾವಳಿಯಲ್ಲೂ ಇಂಥ ಬೋರ್ಡು ಹಾಕುವುದಾದರೆ ಒಂದು ಸಾಲು ಕೊಂಕಣಿ ಇರಲಿ.

ಶಿರಸಿಯಿಂದ:

ಕಾರವಾರದವರು ಸುಮ್ನೆ ಹೇಳಿದ್ದಲ್ಲ ಅನ್ನಿಸಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ನೋವನ್ನು ವಿವರಿಸುವಾಗಲೇ ಅದು ಮೈಗೂ ಮನಸ್ಸಿಗೂ ಆಗುವ ಅನುಭವ ಎಂದಿತ್ತು. 2020ರಲ್ಲಿ ಮಾತು ತಿದ್ದಿದಾಗಲೂ ಅದನ್ನು ಬಿಡಲಿಲ್ಲ.

ಇನ್ನೊಂದು ವಿಷಯ. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳಿವೆ, 20 ಗುಂಪು ಮಾಡಿ ಇಟ್ಟಿದ್ದಾರೆ. ಅದನ್ನು ಅನುವಾದಿಸಲು ಕೂತಿದ್ದೆ. ಆಮೇಲೆ ನನ್ನ ಡೈರಿ ತೆಗೆದು ನೋಡಿದರೆ ಇಲ್ಲಿಯವರೇ ಕೊಟ್ಟ ಪದಗಳು ಇದ್ದವು. ಸೆಳೆತ, ಚಳಕು, ಉಳುಕು, ತಿವಿತ, ಹಿಡಿತ, ಉರಿ, ಕೊರೆತ, ಸಿಡಿತ, ಜೋಮು. ಒಬ್ಬರು ‘ಇರುವೆ ಸಾಲು ಹೋದ ಹಾಗೆ’ ಅಂದಿದ್ದರು. ಅದಕ್ಕಿಂತ ಚೆನ್ನಾಗಿ ನರದ ನೋವನ್ನು ನಾನು ಹೇಳಲಾರೆ.

ಹಾಗಾಗಿ ಜಾತಿಯ ಹೆಸರನ್ನೇ ಕೈಬಿಟ್ಟೆ. ಬೋರ್ಡಿನಲ್ಲಿ ಹೀಗೆ:

‘ಎದ್ದರೆ, ಬಗ್ಗಿದರೆ ಹಿಡಿಯುತ್ತದೆ, ಕೂತರೆ ಕಡಿಮೆ.’
‘ಉರಿ, ಚಳಕು, ಜೋಮು. ಕರೆಂಟ್ ಹೊಡೆದ ಹಾಗೆ.’
‘ಮೈಯೆಲ್ಲಾ ನೋವು, ಮೂರು ತಿಂಗಳಾಯಿತು, ನಿದ್ದೆಯೂ ಇಲ್ಲ.’

ಮೊದಲನೆಯವರಿಗೆ ಪೂರ್ತಿ ಮಲಗಿಸುವುದಲ್ಲ, ತಡೆಯುವಷ್ಟು ಕೆಲಸ ಕೊಟ್ಟು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುವುದು. ಎರಡನೆಯವರಲ್ಲಿ ನರವನ್ನು ಜಗ್ಗಿ ಎಳೆದರೆ ಇನ್ನೂ ಕೆರಳುತ್ತದೆ, ಅದಕ್ಕೆ ಬೇರೆ ನಿಧಾನದ ಚಲನೆಗಳಿವೆ. ಮೂರನೆಯವರ ಜೊತೆ ಮೊದಲು ಕೂತು ಮಾತಾಡಬೇಕು, ಆಮೇಲೆ ನಡಿಗೆ. ‘ನಿಮಗೇನೂ ಆಗಿಲ್ಲ’ ಅಂತ ಮಾತ್ರ ಹೇಳಬಾರದು. ಬಹಳ ಜನ ಅದೇ ಮಾತು ಕೇಳಿ ನೊಂದು ಬಂದಿರುತ್ತಾರೆ.

ಕೆಳಗೆ ಕೆಂಪಕ್ಷರದಲ್ಲಿ ಇನ್ನೊಂದು: ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ನನ್ನ ಹತ್ತಿರ ಬರಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ.

ಕುಮಟಾದಿಂದ:

ಎಲ್ಲ ಸರಿ. ‘ಕರೆಂಟ್’ ಬೇಡ. ‘ಸಿಡಿಲು ಹೊಡೆದ ಹಾಗೆ’ ಅನ್ನಿ.

ಶಿರಸಿಯಿಂದ:

ಮಾಸ್ತರರೇ, ಸಿಡಿಲು ಹೊಡೆದವರು ಫಿಜಿಯೋಥೆರಪಿಗೆ ಬರುವುದಿಲ್ಲ.

ಹೊನ್ನಾವರದಿಂದ:

ಕರೆಂಟ್ ಇರಲಿ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಹೋದಾಗ ಯಾವ ಶುದ್ಧಗನ್ನಡಿಗನೂ ‘ವಿದ್ಯುತ್ ಪೋಯ್ತು’ ಅಂದಿದ್ದು ನಾನು ಕೇಳಿಲ್ಲ. ಎರವಲು ತಂದ ಪದ ವಾಪಸ್ ಕೊಡಲೇಬೇಕು ಅಂತ ಯಾರು ಹೇಳಿದ್ದು?

ಕುಮಟಾದಿಂದ:

ಹೀಗೆ ಬಿಟ್ಟುಬಿಟ್ಟೇ ಅಂಗಡಿ ಸಾಲಿನಲ್ಲಿ ಒಂದು ಕನ್ನಡ ಪದ ಉಳಿದಿಲ್ಲ. ಇನ್ನು ನಾನು ಬರೆಯುವುದಿಲ್ಲ.

ಶಿರಸಿಯಿಂದ (ಮರುದಿನ):

ಪ್ರೂಫ್ ಬಂತು. ಪ್ರೆಸ್‌ನವರು ‘ಚಳಕು’ ಇದ್ದಲ್ಲಿ ‘ಚಳಿ’ ಮಾಡಿದ್ದರು, ‘ಉರಿ, ಚಳಿ, ಜೋಮು’ ಅಂತ. ಮಲೇರಿಯಾ ಬೋರ್ಡು ಆಗುತ್ತಿತ್ತು. ತಿದ್ದಿಸಿದೆ. ಕೊಂಕಣಿ ಸಾಲಿಗೂ ಜಾಗ ಸಿಕ್ಕಿದೆ, ಕಾರವಾರದವರು ಒಂದು ಸಲ ಕಾಗುಣಿತ ನೋಡಿಕೊಡಿ.

ಕುಮಟಾದಿಂದ:

‘ಛಳಕು’ ಅಂತ ಬರೆಯುವವರೂ ಇದ್ದಾರೆ. ನೀವು ಮಹಾಪ್ರಾಣ ಹಾಕದೆ ಇದ್ದದ್ದು ಒಳ್ಳೆಯದಾಯಿತು.