ಕೆಂಪು ಬಟ್ಟೆ ಹೊದ್ದು ಬಂಡೆ ಮೇಲೆ ಮಲಗುವ ರಾಜಕುಮಾರ: ಯಾವ ಚಿತ್ರಕಥೆ ಇದು?

ಶಿರಸಿಯ ಓದುಗ:
1986-87ರ ಸುಮಾರಿಗೆ ರಜೆಯಲ್ಲಿ ಅತ್ತೆ ಮನೆಗೆ ಹೋದಾಗ ನೋಡಿದ ಪುಸ್ತಕ. ನನಗಾಗ ಆರು ವರ್ಷ. ರಟ್ಟು ಕಿತ್ತುಹೋಗಿತ್ತು, ಹೆಸರು ಗೊತ್ತಿಲ್ಲ. ಸಮುದ್ರದ ಪಕ್ಕ ಒಂದು ಬಿಳಿ ಗುಡ್ಡ. ಹತ್ತಿರ ಹೋದರೆ ಅದು ಮೂಳೆಗಳ ರಾಶಿ. ಒಬ್ಬ ತಾಯಿ ಮಗನನ್ನು ತಬ್ಬಿಕೊಂಡು ಅಳುತ್ತಾಳೆ. ರಾಜಕುಮಾರನೊಬ್ಬ ಕೆಂಪು ಬಟ್ಟೆ ಹೊದ್ದು ಬಂಡೆ ಮೇಲೆ ಮಲಗುತ್ತಾನೆ, ದೊಡ್ಡ ಹಕ್ಕಿ ಎತ್ತಿಕೊಂಡು ಹೋಗುತ್ತದೆ. "ಯಾಕೆ ನಿಲ್ಲಿಸಿದೆ? ಇನ್ನೂ ತಿನ್ನು" ಅಂತ ಅವನು ಹಕ್ಕಿಗೆ ಹೇಳುವ ಮಾತು ಇವತ್ತಿಗೂ ಕಿವಿಯಲ್ಲಿದೆ. ಕನ್ನಡ ಪುಸ್ತಕವೇ, ಅದು ಖಂಡಿತ. ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳಲ್ಲಿ ಎರಡು ದಿನ ಅಲೆದೆ, ಸಿಗಲಿಲ್ಲ. ಮಗಳಿಗೆ ಈಗ ಆರು ವರ್ಷ. ಅವಳಿಗೆ ಓದಿ ಹೇಳಬೇಕು.

ಮೈಸೂರಿನ ಓದುಗಿ:
ಕಥೆ ಸಿಕ್ಕಿತು ಸರ್! ಅವನು ಜೀಮೂತವಾಹನ, ಹಕ್ಕಿ ಗರುಡ, ಮೂಳೆಗಳು ನಾಗಗಳದು. ಗರುಡನಿಗೆ ದಿನಕ್ಕೊಂದು ನಾಗನನ್ನು ಕೊಡಬೇಕು ಅಂತ ಒಪ್ಪಂದ. ಕೆಂಪು ಬಟ್ಟೆ ಅವತ್ತಿನ ಬಲಿಯ ಗುರುತು. ಆ ದಿನ ಶಂಖಚೂಡನ ಸರದಿ, ಅಳುವವಳು ಅವನ ತಾಯಿ. ಏಳನೇ ಶತಮಾನದ ಶ್ರೀಹರ್ಷನ 'ನಾಗಾನಂದ' ನಾಟಕ ಇದು. ನೀವು ಶಿರಸಿಯವರು ಅಂತ ಹೇಳುತ್ತಿದ್ದೇನೆ: ಸಾಯುವ ಮುಂಚೆ ಶಂಖಚೂಡ ಕೈಮುಗಿದು ಬರಲು ಹೋಗುವುದು ಗೋಕರ್ಣಕ್ಕೆ. ಅವನು ಅತ್ತ ಹೋದಾಗಲೇ ಅವನ ಬದಲಿಗೆ ಜೀಮೂತವಾಹನ ಬಂಡೆ ಹತ್ತುವುದು.

ಆದರೆ ಇದೇ ಕಥೆ ಬೇತಾಳ ಕಥೆಗಳಲ್ಲೂ ಬರುತ್ತದೆ. ಹಾಗಾಗಿ ಬೇತಾಳ ಕಥೆ ಹಾಕುತ್ತಿದ್ದ ಮಕ್ಕಳ ಮಾಸಪತ್ರಿಕೆ ಚಂದಮಾಮವೂ ಇರಬಹುದು. ಪುಟ ಹೇಗಿತ್ತು? ಚಿತ್ರದ ಜೊತೆಗೆ ಉದ್ದಕ್ಕೆ ಕಥೆಯೋ, ಚೌಕ ಚೌಕವಾಗಿ ಚಿತ್ರ, ಬಾಯಿ ಹತ್ತಿರ ಗುಳ್ಳೆಯಲ್ಲಿ ಮಾತೋ?

ಶಿರಸಿಯ ಓದುಗ:
ಚೌಕಗಳೇ ಮೇಡಂ. ಗುಳ್ಳೆಯ ಬಾಲ ಹಕ್ಕಿಯ ಕೊಕ್ಕಿನ ಕಡೆ ತಿರುಗಿತ್ತು. ಅದರ ಮೇಲೆ ಬೆರಳಿಟ್ಟು "ಇದು ಯಾರು ಹೇಳಿದ್ದು?" ಅಂತ ಕೇಳುತ್ತಿದ್ದೆ.

ಧಾರವಾಡದ ಸಂಗ್ರಾಹಕ:
ಹಾಗಾದರೆ ಚಂದಮಾಮ ಬಿಡಿ. ಅಮರ ಚಿತ್ರ ಕಥೆಯಲ್ಲಿ 'ನಾಗಾನಂದ' ಇಂಗ್ಲಿಷಿನಲ್ಲಿ ಬಂದಿದೆ. ಈ ಸರಣಿಯ ಮೊದಲ ಹತ್ತು ಪುಸ್ತಕ ಕನ್ನಡದವು, 1965ರಲ್ಲಿ ಶುರುವಾದವು. ಇಂಗ್ಲಿಷ್ ಸಾಲು 11ನೇ ಸಂಖ್ಯೆಯ 'ಕೃಷ್ಣ'ದಿಂದ ಶುರುವಾಗುವುದು ಅದಕ್ಕೇ. ನಮಗೆ ಹೆಮ್ಮೆಯ ವಿಷಯ. ಆದರೆ ಆಮೇಲೆ ಬಂದ ಎಲ್ಲಾ ಪುಸ್ತಕಗಳೂ ಎಲ್ಲಾ ಭಾಷೆಗೆ ಬರಲಿಲ್ಲ. ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. "ಯಾರು ಹೇಳಿದ್ದು?" ಅಂತ ಕೇಳುತ್ತಿದ್ದಿರಿ ಅಂದಿರಿ. ಯಾರನ್ನ? ಪುಸ್ತಕ ಓದುತ್ತಿದ್ದವರು ನೀವೇನಾ?

ಶಿರಸಿಯ ಓದುಗ:
ಸರ್, ಈಗಷ್ಟೇ ಅತ್ತೆ ಮಗಳಿಗೆ ಫೋನ್ ಮಾಡಿದೆ. "ಅಯ್ಯೋ, ಅದು ಇಂಗ್ಲಿಷ್ ಪುಸ್ತಕ ಕಣೋ. ನಾನು ಕನ್ನಡ ಮಾಡಿ ಹೇಳ್ತಿದ್ದೆ, ನೀನು ಚಿತ್ರ ನೋಡ್ತಿದ್ದೆ" ಅಂದಳು. ನನಗೆ ಎರಡು ನಿಮಿಷ ಮಾತೇ ಹೊರಡಲಿಲ್ಲ. ನಾನು ಇಷ್ಟು ವರ್ಷ ಹುಡುಕಿದ್ದು ಅಕ್ಕನ ಮಾತನ್ನ.

ಧಾರವಾಡದ ಸಂಗ್ರಾಹಕ:
ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಸಂಖ್ಯೆ ಹಿಡಿದು ಹುಡುಕಬೇಡಿ. ಹಳೆಯ ಸಾಲು 11ರಿಂದ, ಆಮೇಲಿನ ದಪ್ಪ ರಟ್ಟಿನ ಮರುಮುದ್ರಣ 501ರಿಂದ. ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆ ಇರಬಹುದು. ಮುಖಪುಟವನ್ನೂ ನಂಬಬೇಡಿ, ಮರುಮುದ್ರಣದಲ್ಲಿ ಬದಲಾಗಿರಬಹುದು. ಹೇಗೂ ನೀವು ಮುಖಪುಟ ನೋಡಿಯೇ ಇಲ್ಲ. ಮೂಳೆ ರಾಶಿಯ ಪುಟದ ಫೋಟೊ ಕಳಿಸಲು ಹೇಳಿ. ಹಳೇ ಪ್ರತಿಯಲ್ಲಿ ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಬಿದ್ದುಹೋಗಿರುತ್ತದೆ, ಪುಟ ಎಣಿಸಲು ಮರೆಯಬೇಡಿ.

ಶಿರಸಿಯ ಓದುಗ:
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಸಿಕ್ಕಿತು! ಫೋಟೊ ನೋಡಿದ ಕೂಡಲೇ ಗುರುತು ಹತ್ತಿತು. ನಿನ್ನೆ ರಾತ್ರಿ ಅಕ್ಕನಿಗೆ ಪುಟಗಳನ್ನು ವಾಟ್ಸಾಪ್ ಮಾಡಿ, ಫೋನ್ ಸ್ಪೀಕರಿಗೆ ಹಾಕಿದೆ. ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಪುಟ ತಿರುವಿದೆ. ಮಗಳು ಗುಳ್ಳೆ ಮೇಲೆ ಬೆರಳಿಟ್ಟು "ಇದು ಯಾರು ಹೇಳಿದ್ದು ಅತ್ತೆ?" ಅಂದಳು.