ಹಳೇ ನಿಕಾನ್ ಎಫ್3 ಫಿಲ್ಮ್ ಕ್ಯಾಮೆರಾ ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಎಫ್3 ಬಾಡಿಯೊಂದು ಸಿಗುತ್ತಿದೆ. ಅಂಚುಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣುತ್ತಿದೆ, ವೈಂಡಿಂಗ್ ಲಿವರ್ ಮಾತ್ರ ನುಣ್ಣಗೆ ತಿರುಗುತ್ತದೆ. ಶಟರ್ ಎಲೆಕ್ಟ್ರಾನಿಕ್ ಆದ್ದರಿಂದ ಅದಕ್ಕೂ ಹಿಂದಿನ, ಯಾಂತ್ರಿಕ ಶಟರ್‌ನ ಎಫ್2 ತಗೊಳ್ಳೋದೇ ವಾಸಿ ಅಂತ ಕೆಲವರು ಹೇಳ್ತಾರೆ. ಬಾಳಿಕೆ ಯಾವುದಕ್ಕೆ ಹೆಚ್ಚು?

ಉತ್ತರ 1:
ಬಣ್ಣ ಸವೆದಿದ್ದಕ್ಕೆ ಚಿಂತೆ ಬೇಡ. ಲೋಹದ ಬಾಡಿ, ಟೈಟಾನಿಯಂ ಹಾಳೆಯ ಶಟರ್ ಪರದೆ, ಬಾಲ್ ಬೇರಿಂಗ್ ಮೇಲೆ ಓಡುವ ವೈಂಡಿಂಗ್: ಇವು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಬೆಳಕು ತಡೆಯುವ, ಕನ್ನಡಿಗೆ ಮೆತ್ತೆಯಾಗುವ ಫೋಮ್, ಬ್ಯಾಟರಿ ಸಂಪರ್ಕ, ಬೆಳಕು ಅಳೆಯುವ ಮೀಟರ್‌ನ ರೆಸಿಸ್ಟರ್.

ಮೊದಲು ಮೀಟರ್ ನೋಡಿ. ಡಯಲ್ 'ಎ'ಯಲ್ಲಿಟ್ಟು (ಕ್ಯಾಮೆರಾ ತಾನೇ ಶಟರ್ ವೇಗ ಆರಿಸುವ ಆಟೊ), ಒಂದೇ ಸಮನೆ ಬೆಳಕಿರುವ ಗೋಡೆಗೆ ಹಿಡಿದು, ಅಪರ್ಚರ್ ರಿಂಗನ್ನು (ಲೆನ್ಸಿನ ಬೆಳಕಿನ ಕಿಂಡಿ ಹೊಂದಿಸುವ ಬಳೆ) ಎಫ್/4ರಿಂದ ಎಫ್/16ರವರೆಗೆ ನಿಧಾನವಾಗಿ ತಿರುಗಿಸಿ. ಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ಕಾಣುವ ಶಟರ್ ವೇಗ 250ರಿಂದ, ಅಂದರೆ 1/250 ಸೆಕೆಂಡ್‌ನಿಂದ, ಶುರುವಾದರೆ 125, 60, 30, 15 ಅಂತ ಮೆಟ್ಟಿಲಿಳಿದ ಹಾಗೆ ಇಳಿಯಬೇಕು. ನಡುವೆ ಎಲ್ಲೋ 2000ಕ್ಕೆ ನೆಗೆದು ಮತ್ತೆ ವಾಪಸ್ ಬಂದರೆ, ಲೆನ್ಸ್ ಮೌಂಟ್ ಸುತ್ತಲಿನ ರೆಸಿಸ್ಟರ್ ಪಟ್ಟಿ ಸವೆದಿದೆ ಅಥವಾ ಕೊಳೆ ಹಿಡಿದಿದೆ. ಕೊಳೆಯಾದರೆ ರಿಪೇರಿ ಸುಲಭ. ಸವೆದಿದ್ದರೆ ಬೇರೆ ಬಾಡಿಯಿಂದಲೇ ಬಿಡಿಭಾಗ ತೆಗೆಯಬೇಕು, ಹಾಗಾಗಿ ಅದನ್ನು ಕೊಳ್ಳಬೇಡಿ.

ಆಮೇಲೆ ಸೆಲ್ ಗೂಡು. ಬಿಳಿ ಅಥವಾ ಹಸಿರು ಪುಡಿ ಕಂಡರೆ ವಿನೆಗರ್ ತುಸುವೇ ತಾಗಿಸಿದ ಹತ್ತಿ ಕಡ್ಡಿಯಿಂದ ಒರೆಸಬಹುದು. ಆದರೆ ಅದು ಒಳಗಿನ ವೈರ್‌ಗೂ ಹತ್ತಿದ್ದರೆ ಬಿಚ್ಚಲೇಬೇಕು. ಎಲ್ಆರ್44 (ಆಲ್ಕಲೈನ್ ಬಟನ್ ಸೆಲ್) ಬದಲು ಎಸ್ಆರ್44 (ಸಿಲ್ವರ್ ಆಕ್ಸೈಡ್) ಎರಡು ಹಾಕಿ, ವೋಲ್ಟೇಜ್ ಕೊನೆಯವರೆಗೂ ಸ್ಥಿರವಾಗಿರುತ್ತದೆ.

ಉತ್ತರ 2:
ಎಫ್2 ವಾಸಿ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ಶಟರ್‌ಗೆ ಸೆಲ್ ಬೇಕಿಲ್ಲ, ನಿಜ. ಆದರೆ ಗ್ರೀಸ್ ಗಟ್ಟಿಯಾದರೆ 1 ಸೆಕೆಂಡ್, 1/2 ಸೆಕೆಂಡ್ ವೇಗಗಳು ಎಳೆಯತೊಡಗುತ್ತವೆ, ಮೀಟರ್ ಹೆಡ್‌ನ (ಮೀಟರ್ ಇರುವ ಫೈಂಡರ್) ರೆಸಿಸ್ಟರ್ ಅಲ್ಲೂ ಸವೆಯುತ್ತದೆ. ಎಫ್3ರಲ್ಲಿ ಶಟರ್ ವೇಗವನ್ನು ಎಣಿಸುವುದು ಕ್ವಾರ್ಟ್ಜ್ ಹರಳು. ಸೆಲ್ ಸತ್ತರೆ ಲೆನ್ಸ್ ಪಕ್ಕದ ಪುಟ್ಟ ಲಿವರ್ ಇದೆಯಲ್ಲ, ಅದು 1/60ರ ಆಸುಪಾಸಿನಲ್ಲಿ ಶಟರ್ ಬಿಡುತ್ತದೆ. ಆ ಲಿವರನ್ನೂ ಪರೀಕ್ಷಿಸಿ, ಬಹಳ ಜನ ಮರೆಯುತ್ತಾರೆ.

ಉತ್ತರ 3:
ಫೋಮ್ ಬಗ್ಗೆ. ಕನ್ನಡಿ ಮೇಲೆ ಹೋಗಿ ತಾಗುವ ಪಟ್ಟಿಯನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಜೋನಿಬೆಲ್ಲದಂತೆ ಅಂಟಿದರೆ ಬದಲಿಸುವ ಕಾಲ ಬಂದಿದೆ. ಫೈಂಡರ್ ಮತ್ತು ಫೋಕಸಿಂಗ್ ಸ್ಕ್ರೀನ್ ಎರಡನ್ನೂ ಮೊದಲು ತೆಗೆದಿಡಿ, ಅಂಟು ಒರೆಸುವ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಹನಿ ಬಿದ್ದರೆ ಸ್ಕ್ರೀನ್ ಹಾಳು. ಮರದ ಕಡ್ಡಿಯಲ್ಲಿ ಕೆರೆದು, ಹಳೆಯದರಷ್ಟೇ ದಪ್ಪದ ಫೋಮ್ ಅಂಟಿಸಿ. ಹಿಂಬಾಗಿಲ ಕೀಲಿನ ಹತ್ತಿರ ದಪ್ಪ ಹೆಚ್ಚಾದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಶಟರ್ ಪರದೆಗೆ ಬೆರಳು ತಾಗಿಸಬೇಡಿ, ನೆಗ್ಗಿದರೆ ನೆಟ್ಟಗಾಗುವುದಿಲ್ಲ.

ಸಾಧ್ಯವಾದರೆ ಒಂದು ರೋಲ್ ಹಾಕಿ ಬಿಳಿ ಗೋಡೆಯನ್ನು 1/500, 1/1000, 1/2000ರಲ್ಲಿ ತೆಗೆಯಿರಿ, ಪ್ರತಿ ಸಲ ಅಪರ್ಚರ್ ಒಂದು ಸ್ಟಾಪ್ (ಬೆಳಕು ಎರಡರಷ್ಟಾಗುವಂತೆ) ತೆರೆಯುತ್ತಾ. ಚಿತ್ರದ ಒಂದು ಅಂಚು ಮಾತ್ರ ಕಪ್ಪಾಗಿದ್ದರೆ ಎರಡನೇ ಪರದೆ ಮೊದಲನೆಯದನ್ನು ಹಿಡಿಯುತ್ತಿದೆ ಎಂದರ್ಥ.

ಪ್ರಶ್ನೆ ಕೇಳಿದವರು:
ಫಿಲ್ಮ್ ಇಲ್ಲದೆ 'ಎ'ಯಲ್ಲಿ ನೋಡಿದೆ. ದೀಪಕ್ಕೆ ಹಿಡಿದರೂ ಕತ್ತಲಿಗೆ ಹಿಡಿದರೂ ಶಟರ್ ಸದ್ದು ಒಂದೇ ಥರ. ಕೆಟ್ಟಿದೆಯಾ?

ಉತ್ತರ 1:
ಫ್ರೇಮ್ ಎಣಿಸುವ ಕೌಂಟರ್ 1 ತಲುಪಿತ್ತಾ? ಅಲ್ಲಿಯವರೆಗೆ 'ಎ'ಯಲ್ಲಿ ಶಟರ್ 1/80ರಲ್ಲೇ ಬೀಳುತ್ತದೆ, ರೋಲ್ ಹಾಕುವಾಗ ಕತ್ತಲಲ್ಲಿ ದೀರ್ಘ ಎಕ್ಸ್‌ಪೋಶರ್ ಆಗಿ ಕಾಯುವಂತಾಗಬಾರದು ಅಂತ. ಹಿಂಬಾಗಿಲು ಮುಚ್ಚಿ, 1 ದಾಟುವವರೆಗೆ ವೈಂಡ್ ಮಾಡಿ, ಮತ್ತೊಮ್ಮೆ ನೋಡಿ.