‘ಕರಗಿದ ಲೋಹದ ಗೋಡೆ’ ಸರಿಯಾ? ಫ್ಲೆಕ್ಸ್‌ಗೆ ಇವತ್ತೇ ಬೇಕು

ದಾವಣಗೆರೆ, ಮಧ್ಯಾಹ್ನ 2:10
ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ಅಂಗಡಿಯವರು ಐದರೊಳಗೆ ಬರಹ ಕೊಡಿ ಅಂದಿದ್ದಾರೆ. ವಿಷಯ ಸಮ್ಮಿಲನ ರಿಯಾಕ್ಟರ್, ಅಂದರೆ ಹಗುರ ಪರಮಾಣು ಬೀಜಗಳನ್ನು ಕೂಡಿಸಿ ಶಕ್ತಿ ತೆಗೆಯುವ ಯಂತ್ರ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಂಥ ರಿಯಾಕ್ಟರ್ ಇಟರ್‌ನ ತಳಭಾಗ, ಅಂದರೆ ಡೈವರ್ಟರ್, ಒಂದು ಚದರ ಮೀಟರ್‌ಗೆ 10 ಮೆಗಾವ್ಯಾಟ್ ಶಾಖ ತಡೆಯಬೇಕು. ಅಲ್ಲಿ ಹಾಕುವ ಟಂಗ್‌ಸ್ಟನ್ 3422 ಡಿಗ್ರಿವರೆಗೂ ಕರಗದಿದ್ದರೂ ಬಿರುಕು ಬಿಡಬಹುದು. ಅದಕ್ಕೇ ತವರ, ಲಿಥಿಯಂ ಕರಗಿಸಿ ಸಣ್ಣ ಜಾಲರಿಯಲ್ಲಿ ನಿಲ್ಲಿಸಿ, ನೆದರ್‌ಲ್ಯಾಂಡ್ಸ್‌ನ ಮ್ಯಾಗ್ನಮ್-ಪಿಎಸ್‌ಐ ಯಂತ್ರದಲ್ಲಿ ಪ್ಲಾಸ್ಮಾ (ಅತಿ ಬಿಸಿಯಾಗಿ ವಿದ್ಯುತ್ ಕಣಗಳಾಗಿ ಒಡೆದ ಅನಿಲ) ಹಾಯಿಸಿ ಪರೀಕ್ಷೆ ಮಾಡಿದ್ದಾರೆ.

‘ಕರಗಿದ ಲೋಹದ ಗೋಡೆ’ ಅಂತ ಬರೆದೆ. ಒಬ್ಬ ಹುಡುಗಿ, “ಮಿಸ್, ಗೋಡೆ ಕರಗಿದ್ರೆ ರಿಯಾಕ್ಟರ್ ಕೆಟ್ಟ ಹಾಗೆ ಅಲ್ವಾ?” ಅಂದಳು. ‘ದ್ರವಲೋಹ’ ಅಂದರೆ ಮಕ್ಕಳಿಗೆ ಪಾದರಸವೇ ನೆನಪಾಗುತ್ತದೆ. ಏನು ಬರೆಯಲಿ?

ಉತ್ತರ, 2:35
ಎರಕ. ‘ಎರೆ’ ಧಾತು. ತಲೆಗೆ ಎಣ್ಣೆ ಎರೆಯುವುದೂ ಅದೇ. ‘ಎರಕದ ಮೈ’ ಅನ್ನಿ. ಸಮ್ಮಿಲನ ತೆಗೆದು ಬೆಸುಗೆ ಹಾಕಿ, ಪರೀಕ್ಷೆಗೆ ಒರೆ ಇದೆ. ಇಷ್ಟು ಅಚ್ಚಗನ್ನಡ ಇರುವಾಗ ಸಾಲ ಯಾಕೆ?

ಚಿತ್ರದುರ್ಗ, 2:50
ಎರಕ ಬೇಡ ಮೇಡಂ. ನಾನು ಫೌಂಡ್ರಿಯಲ್ಲಿ ಇದ್ದವನು. ಅಚ್ಚಿಗೆ ಹೊಯ್ದು ಗಟ್ಟಿಯಾದದ್ದನ್ನೇ ನಾವು ಎರಕ ಅನ್ನೋದು. ಇಲ್ಲಿ ಗಟ್ಟಿಯಾಗಲೇ ಬಾರದು. ಬೆಸುಗೆ ಅಂದರೆ ವೆಲ್ಡಿಂಗ್ ಅಂಗಡಿ ಬೋರ್ಡು. ತವರವಾದರೆ ‘ಕಲಾಯಿ’ ಹತ್ತಿರದ ಮಾತು. ತವರ 232 ಡಿಗ್ರಿಗೆ ಕರಗಿ ತಾಮ್ರದ ಪಾತ್ರೆಗೆ ಹತ್ತುತ್ತದಲ್ಲ, ಜಾಲರಿಗೂ ಹಾಗೇ ಹತ್ತಬೇಕು. ಹತ್ತದೆ ಗುಂಡುಗುಂಡಾಗಿ ನಿಂತರೆ ಮುಗೀತು.

ಉತ್ತರ, 2:58
ಕಲಾಯಿ ಅರಬ್ಬಿ. ಬೇಡ.

ಚಿತ್ರದುರ್ಗ, 3:04
ಕುರ್ಚಿ ಯಾವೂರಿನದು ಸಾರ್? ನೆಲದ ಮೇಲೆ ಕೂತು ಟೈಪ್ ಮಾಡ್ತಿದ್ದೀರಾ?

ಇನ್ನೊಂದು ಉತ್ತರ, 3:40
ಇಬ್ಬರೂ ಸುಮ್ನೆ ಜಗಳ ಬೆಳೆಸಬೇಡಿ. ಆ ಹುಡುಗಿ ಹಿಡಿದದ್ದು ಪದವನ್ನಲ್ಲ, ಪ್ರತ್ಯಯವನ್ನು. ‘ಕರಗಿದ’ ಅಂದರೆ ತಾನಾಗಿ ಆದದ್ದು. ‘ಕರಗಿಸಿದ’ ಅಂದರೆ ಬೇಕಂತಲೇ ಮಾಡಿದ್ದು. ‘ಇಸು’ ಸೇರಿಸಿದರೆ ಅಪಘಾತದ ವಾಸನೆ ಹೋಗುತ್ತದೆ. ಗೋಡೆ ಕೂಡ ಬೇಡ. ಲಿಥಿಯಂ 180 ಡಿಗ್ರಿಗೇ ನೀರಾಗುತ್ತದೆ. ಒಂದಿಷ್ಟು ಆವಿಯಾಗಿ ಹೋದರೆ, ಬತ್ತಿಗೆ ಎಣ್ಣೆ ಏರಿದ ಹಾಗೆ ಜಾಲರಿಯಲ್ಲಿ ಮತ್ತೆ ಏರಿ ಆ ಜಾಗ ತುಂಬುತ್ತದೆ. ಗೋಡೆ ಹಾಗೆ ಮಾಡುತ್ತಾ? ‘ಕರಗಿಸಿದ ಲೋಹದ ಮೇಲ್ಮೈ’ ಸಾಕು.

ದಾವಣಗೆರೆ, 4:40
ಅದನ್ನೇ ಕಳಿಸಿದೆ. ಸಮ್ಮಿಲನ ಪಠ್ಯದಲ್ಲಿದೆ, ಹಾಗೇ ಇಟ್ಟೆ. ಬತ್ತಿಯ ಚಿತ್ರವನ್ನೂ ಹಾಕಿಸುತ್ತಿದ್ದೇನೆ.

ಉತ್ತರ, 4:52
‘ಲೋಹ’ವೂ ಸಂಸ್ಕೃತ.